ಬಾಣವೋ ಗುಂಡೋ: ಜಿಂಕೆಯ ಕಡೆಯಿಂದ ನೋಡಿದರೆ

ಕೇಳುಗರಿಗೆಲ್ಲ ನಮಸ್ಕಾರ.

ಪಾಂಡುರಾಜನ ಕಥೆ ನಿಮಗೆ ಗೊತ್ತೇ ಇದೆ. ಕಾಡಿನಲ್ಲಿ ಕೂಡಿದ್ದ ಜೋಡಿ ಜಿಂಕೆಗಳಿಗೆ ಬಾಣ ಬಿಟ್ಟ. ಗಂಡು ಜಿಂಕೆಯ ರೂಪದಲ್ಲಿ ಇದ್ದವನು ಕಿಂದಮನೆಂಬ ಋಷಿ. ಸಾಯುವ ಮೊದಲು ಶಾಪ ಕೊಟ್ಟ. ಶಾಪ ನಮಗೆ ನೆನಪಿರುತ್ತದೆ. ಅದಕ್ಕೂ ಮುಂಚೆ ಇಬ್ಬರ ನಡುವೆ ಒಂದು ವಾದ ನಡೆಯುತ್ತದೆ. ಅದನ್ನು ಹೇಳುವವರು ಕಡಿಮೆ. ಪಾಂಡು ಹೇಳುತ್ತಾನೆ: ಬೇಟೆ ರಾಜರಿಗೆ ಒಪ್ಪಿದ ಕೆಲಸ, ಎದುರಿಗೆ ನಿಂತು ಕೊಂದರೂ ಸರಿ, ಉಪಾಯದಿಂದ ಕೊಂದರೂ ಸರಿ. ಋಷಿ ಹೇಳುತ್ತಾನೆ: ಜಿಂಕೆ ಕೊಂದೆ ಅಂತ ನಾನು ನಿನ್ನನ್ನು ದೂರುತ್ತಿಲ್ಲ, ನಾವು ಕೂಡಿ ಮುಗಿಯುವ ತನಕವಾದರೂ ಕಾಯಬಹುದಿತ್ತಲ್ಲ?

ಕೊಲ್ಲಬಹುದು ಅಂತ ಇಬ್ಬರೂ ಒಪ್ಪಿಯಾಗಿದೆ. ಜಗಳ ಇರುವುದು ಹೇಗೆ, ಯಾವಾಗ ಅನ್ನುವುದರಲ್ಲಿ. ಪ್ರತಿ ವರ್ಷ ನವೆಂಬರ್ ಬಂದರೆ ಅಮೆರಿಕದ ಹಳ್ಳಿಗಳಲ್ಲಿ ಇದೇ ಜಗಳ ನಡೆಯುತ್ತದೆ. ಇವತ್ತು ಅದರ ಬಗ್ಗೆ ಮಾತಾಡೋಣ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಆದರೆ ಈಗ ಎಷ್ಟೋ ಮನೆಗಳ ಮಕ್ಕಳು ಆ ಕಡೆ ಇದ್ದಾರೆ. ನನ್ನ ತಂಗಿಯ ಮಗ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದಾನೆ. ಆಫೀಸಿನ ಗೆಳೆಯ ಒಂದು ಪೊಟ್ಟಣ ಜಿಂಕೆ ಮಾಂಸ ತಂದುಕೊಟ್ಟನಂತೆ. "ಮಾವ, ಇದು ತಪ್ಪಾ ಸರಿಯಾ?" ಅಂತ ಫೋನಿನಲ್ಲಿ ಕೇಳಿದ. ತಿನ್ನುವುದು ಬಿಡುವುದು ಅವನಿಗೇ ಬಿಟ್ಟದ್ದು. ನನಗೆ ಮಾತ್ರ ಒಂದು ಕುತೂಹಲ ಹುಟ್ಟಿತು. ಅದನ್ನು ಹೊಡೆದದ್ದು ಹೇಗೆ?

ಮೊದಲು ಸ್ವಲ್ಪ ಹಿನ್ನೆಲೆ. ಅಲ್ಲಿ ಹೆಚ್ಚಾಗಿ ಇರುವುದು ಬಿಳಿಬಾಲದ ಜಿಂಕೆ. 1900ರ ಹೊತ್ತಿಗೆ ಮಾರಾಟಕ್ಕೆಂದು ಹೊಡೆದು ಹೊಡೆದು, ದೇಶಕ್ಕೆಲ್ಲ ಸುಮಾರು 5 ಲಕ್ಷ ಉಳಿದಿದ್ದವು. ಆಮೇಲೆ ಕಾನೂನು ಬಂತು. ಬೇಟೆಗೆ ಋತು ಗೊತ್ತುಮಾಡಿದರು, ಒಬ್ಬರಿಗೆ ಇಷ್ಟೇ ಅಂತ ಟ್ಯಾಗ್, ಅಂದರೆ ಪರವಾನಗಿ ಚೀಟಿ ಕೊಟ್ಟರು. ಈಗ ಅವು 3 ಕೋಟಿಯ ಆಸುಪಾಸು. ಬಹಳ ಕಡೆ ತೋಳ ಇಲ್ಲ, ಪೂಮಾ ಇಲ್ಲ. ಜಿಂಕೆಗಳು ಕಾಡಿನ ಎಳೆಯ ಗಿಡಗಳನ್ನು ಮೇಯ್ದು ಮುಗಿಸುತ್ತವೆ, ರಸ್ತೆಯಲ್ಲಿ ಕಾರಿಗೆ ಅಡ್ಡ ಬರುತ್ತವೆ. ಕೋವಿ, ತೋಟೆ ಮಾರಾಟದ ಮೇಲೆ 1937ರಿಂದ ಒಂದು ತೆರಿಗೆ ಇದೆ. ಆ ದುಡ್ಡು ವನ್ಯಜೀವಿ ರಕ್ಷಣೆಗೇ ಹೋಗುತ್ತದೆ. ಹಾಗಾಗಿ ಅಲ್ಲಿ ಬೇಟೆ ಬೇಡವೇ ಬೇಡ ಅನ್ನುವವರಿದ್ದರೂ ವಾದದ ಬಿಸಿ ಬೇರೆ ಕಡೆ ಇದೆ. ಬೇಟೆಗಾರ ಬೇಟೆಗಾರರ ನಡುವೆಯೇ ಇದೆ.

ಆಯುಧದಿಂದಲೇ ಶುರುಮಾಡೋಣ. ಒಂದು ಕಡೆ ದುರ್ಬೀನು ಕೂಡಿಸಿದ ರೈಫಲ್. ಇನ್ನೊಂದು ಕಡೆ ಬಿಲ್ಲು ಬಾಣ. ನಡುವೆ ಕ್ರಾಸ್‌ಬೋ ಇದೆ, ಕೋವಿಯ ಹಾಗೆ ಹೆಗಲಿಗಿಟ್ಟು ಗುರಿ ನೋಡುವ ಅಡ್ಡಬಿಲ್ಲು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿಯೂ ಇದೆ. ಪೆನ್ಸಿಲ್ವೇನಿಯಾದಲ್ಲಂತೂ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕಲ್ಲಿನ ಕೋವಿಗೆಂದೇ ಒಂದು ಋತು ಇದೆ. ಮಿಸೌರಿಯಲ್ಲಿ ಕವಣೆ ಕೋಲಿನಿಂದ ಎಸೆಯುವ ಭರ್ಜಿಗೂ ಒಪ್ಪಿಗೆ ಇದೆ. ಸುಮ್ನೆ ಹೇಳುತ್ತಿಲ್ಲ, ನಿಜ.

ಬಿಲ್ಲು ಹಿಡಿದವರಿಗೆ ಒಂದು ಹೆಮ್ಮೆ ಇರುತ್ತದೆ. ನಾವು ಹತ್ತಿರ ಹೋಗುತ್ತೇವೆ, ಗಾಳಿ ನೋಡುತ್ತೇವೆ, ಮರದ ಮೇಲೆ ಗಂಟೆಗಟ್ಟಲೆ ಮರಸು ಕೂರುತ್ತೇವೆ, ಜಿಂಕೆಗೂ ತಪ್ಪಿಸಿಕೊಳ್ಳಲು ಅವಕಾಶ ಕೊಡುತ್ತೇವೆ ಅನ್ನುತ್ತಾರೆ. ಥಿಯೋಡೋರ್ ರೂಸ್‌ವೆಲ್ಟ್ 1887ರಲ್ಲಿ ಗೆಳೆಯರ ಜೊತೆ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇವತ್ತಿಗೂ ಹೇಳುವುದು ಇದನ್ನೇ: ಬೇಟೆಗಾರನಿಗೆ ಅನ್ಯಾಯದ ಅನುಕೂಲ ಇರಬಾರದು. ಇದನ್ನು ಅಲ್ಲಿ ಫೇರ್ ಚೇಸ್ ಅನ್ನುತ್ತಾರೆ.

ಕೇಳಲು ಚೆನ್ನಾಗಿದೆ, ಅಲ್ವಾ? ಈಗ ಜಿಂಕೆಯ ಕಡೆಯಿಂದ ನೋಡಿ.

ರೈಫಲ್ ಗುಂಡು ಎದೆಗೂಡಿಗೆ ಬಿದ್ದರೆ ಅದರ ಏಟಿಗೇ ಒಳಗಿನದೆಲ್ಲ ಛಿದ್ರವಾಗುತ್ತದೆ. ಬಾಣ ಕೊಲ್ಲುವುದು ಹಾಗಲ್ಲ. ಅದರ ತುದಿಯಲ್ಲಿ ಬ್ಲೇಡಿನಂಥ ಅಲಗುಗಳಿವೆ. ಅವು ರಕ್ತನಾಳ ಕತ್ತರಿಸುತ್ತವೆ, ರಕ್ತ ಹೋಗಿ ಪ್ರಾಣಿ ಸಾಯುತ್ತದೆ. ಎರಡೂ ಶ್ವಾಸಕೋಶ ದಾಟಿ ಹೋದರೆ ಕೆಲವೇ ಸೆಕೆಂಡುಗಳಲ್ಲಿ ಜಿಂಕೆ ಬೀಳುತ್ತದೆ. ಹೊಟ್ಟೆಗೆ ತಾಗಿದರೆ? ಗಂಟೆಗಟ್ಟಲೆ ಹಿಡಿಯುತ್ತದೆ. ಆಗ ಬಲ್ಲ ಬೇಟೆಗಾರ ಬೆನ್ನಟ್ಟುವುದಿಲ್ಲ. ಬೆನ್ನಟ್ಟಿದರೆ ಅದು ಮೈಲುಗಟ್ಟಲೆ ಓಡಿ ಎಲ್ಲೋ ಸಾಯುತ್ತದೆ. ಹಾಗಾಗಿ ಮರದ ಮೇಲೆಯೇ ಕೂತು ಕಾಯುತ್ತಾನೆ. ಕಾಯುವುದೇ ಅಲ್ಲಿ ಕರುಣೆ. ಎಂಥ ವಿಚಿತ್ರ ನೋಡಿ.

ಇನ್ನೊಂದು ಲೆಕ್ಕ ಇದೆ. ತುದಿಗಳಲ್ಲಿ ರಾಟೆ ಇರುವ ಈಗಿನ ಕಾಲದ ಒಳ್ಳೆಯ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 300 ಅಡಿ ಹೋಗುತ್ತದೆ. ಶಬ್ದ ಸುಮಾರು 1,100 ಅಡಿ ಹೋಗುತ್ತದೆ. ಜಿಂಕೆ 120 ಅಡಿ ದೂರದಲ್ಲಿದ್ದರೆ, ಬಾಣ ತಲುಪುವ ಮೊದಲೇ ಹೆದೆಯ ಸದ್ದು ಅದರ ಕಿವಿಗೆ ಬಿದ್ದಿರುತ್ತದೆ. ಓಡಲು ಅದು ಮೊದಲು ಮೈ ಕುಗ್ಗಿಸುತ್ತದೆ. ಗುರಿಯಿಟ್ಟದ್ದು ಎದೆಗೆ, ಬಾಣ ತಾಗಿದ್ದು ಬೆನ್ನಿನ ಮೇಲ್ಭಾಗಕ್ಕೆ. ಬಿಟ್ಟವನ ಕೈಯಲ್ಲಿ ಏನೂ ತಪ್ಪಿಲ್ಲ. ಮೇರಿಲ್ಯಾಂಡ್ ರಾಜ್ಯದ ಒಂದು ನೌಕಾನೆಲೆಯಲ್ಲಿ 1989ರಿಂದ 2006ರ ತನಕ ಬಿಲ್ಲು ಬೇಟೆಯ ಲೆಕ್ಕ ಇಟ್ಟಿದ್ದರು. ಬಾಣ ತಾಗಿದ ನೂರು ಜಿಂಕೆಗಳಲ್ಲಿ 18 ಕೈಗೆ ಸಿಕ್ಕಲೇ ಇಲ್ಲ. ಅಲ್ಲಿ ಬಿಲ್ಲು ಹಿಡಿದವರು ಪರೀಕ್ಷೆ ಪಾಸಾದವರು. ಸಿಗದೇ ಹೋದವೆಲ್ಲ ಸತ್ತವು ಅಂತಲ್ಲ, ಕೆಲವು ಗಾಯ ಮಾಗಿ ಬದುಕುತ್ತವೆ. ಆದರೂ ಆ 18 ನನ್ನ ತಲೆಯಿಂದ ಹೋಗುತ್ತಿಲ್ಲ.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಬೇಟೆಗಾರನಿಗೆ ಕಷ್ಟವಾದಷ್ಟೂ ಬೇಟೆ ನ್ಯಾಯವಾಗುತ್ತದೆ ಅನ್ನುವುದು ಬೇಟೆಗಾರನ ಲೆಕ್ಕ. ಜಿಂಕೆಗೆ ಅದು ಗೊತ್ತಿಲ್ಲ. ಪಂದ್ಯಕ್ಕೆ ಅದು ಹೆಸರು ಕೊಟ್ಟಿಲ್ಲ. ಎದುರಿನವನ ಆಯುಧ ಹಳೆಯದಾದಷ್ಟೂ, ದುರ್ಬಲವಾದಷ್ಟೂ ಅದಕ್ಕೆ ತಪ್ಪಿಸಿಕೊಳ್ಳುವ ಅವಕಾಶ ಜಾಸ್ತಿ, ನಿಜ. ಜೊತೆಗೆ ನರಳಿ ಸಾಯುವ ಅವಕಾಶವೂ ಜಾಸ್ತಿ. ಇಂಗ್ಲೆಂಡಿನವರು ಇದನ್ನು ಬೇರೆ ಥರ ಬಗೆಹರಿಸಿಕೊಂಡರು. ಅಲ್ಲಿ ಜಿಂಕೆಗೆ ಬಾಣ ಬಿಡುವುದೇ ಅಪರಾಧ. ರೈಫಲ್ ಆದರೂ ಗುಂಡು ಕನಿಷ್ಠ ಇಷ್ಟು ದಪ್ಪ ಇರಬೇಕು, ಇಷ್ಟು ಶಕ್ತಿ ಇರಬೇಕು ಅಂತ 1991ರ ಜಿಂಕೆ ಕಾಯ್ದೆ ಹೇಳುತ್ತದೆ. ಬೇಟೆಯ ಸ್ವಾರಸ್ಯ ಆಮೇಲೆ, ಬೇಗ ಸಾಯಲಿ ಅನ್ನುವುದು ಮೊದಲು. ನನ್ನ ಮನಸ್ಸು ಆ ಕಡೆಗೇ ವಾಲುತ್ತದೆ.

ಹಾಗಂತ ರೈಫಲ್ ಹಿಡಿದವರೆಲ್ಲ ಸಾಚಾ ಅಂತಲ್ಲ. ಈಗ ಸಾವಿರ ಗಜದಿಂದ ಹೊಡೆಯುವ ಹುಚ್ಚು ಕೆಲವರಿಗೆ ಹತ್ತಿದೆ. ಅಷ್ಟು ದೂರ ಹೋಗಲು ಗುಂಡಿಗೇ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ಎದೆಯ ಬದಲು ಹೊಟ್ಟೆ. ಇಪ್ಪತ್ತು ಗಜದಿಂದ ಮಾತ್ರ ಬಾಣ ಬಿಡುವವನಿಗೂ ಇವನಿಗೂ ಹೋಲಿಸಿದರೆ, ನಾನು ಬಿಲ್ಲಿನವನ ಪರ.

ಇನ್ನು ಆಮಿಷ. ಜೋಳದ ರಾಶಿ ಸುರಿದು, ತಿನ್ನಲು ಬಂದಾಗ ಹೊಡೆಯುವುದು. ಟೆಕ್ಸಾಸ್‌ನಲ್ಲಿ ಇದು ಮಾಮೂಲು. ಹೊತ್ತಿಗೆ ಸರಿಯಾಗಿ ಜೋಳ ಉದುರಿಸುವ ಯಂತ್ರವೇ ಇದೆ. ಬೇರೆ ಕೆಲವು ರಾಜ್ಯಗಳಲ್ಲಿ ದಂಡ. ಮೋಸ ಅಂತ ಬೈಯುವವರು ಬಹಳ. ಆದರೆ ನೋಡಿ, ತಲೆತಗ್ಗಿಸಿ ನಿಂತು ತಿನ್ನುವ ಜಿಂಕೆಗೆ ಗುರಿ ತಪ್ಪುವುದು ಕಡಿಮೆ. ಕರುಣೆಯ ಲೆಕ್ಕದಲ್ಲಿ ಆಮಿಷ ಗೆಲ್ಲಬೇಕಿತ್ತು. ಅದನ್ನು ಸೋಲಿಸಿದ್ದು ಒಂದು ರೋಗ. ಜಿಂಕೆಗಳ ಮೆದುಳು ತಿನ್ನುವ ಈ ಕಾಯಿಲೆಯನ್ನು 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಗುರುತಿಸಿದರು. ಔಷಧ ಇಲ್ಲ. ಎಂಜಲು, ಮೂತ್ರ, ಮಣ್ಣಿನ ಮೂಲಕ ಹರಡುತ್ತದೆ. 2002ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಕಾಣಿಸಿತು. ಒಂದೇ ರಾಶಿಗೆ ಹತ್ತಾರು ಜಿಂಕೆ ಬಾಯಿ ಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮಿಷಿಗನ್‌ನವರು 2019ರಲ್ಲಿ ರಾಜ್ಯದ ಕೆಳಭಾಗದಲ್ಲಿ ಆಮಿಷ ನಿಲ್ಲಿಸಿದರು. ಇಲ್ಲಿ ಹೊಡೆಯುವ ಒಂದು ಜಿಂಕೆಯ ನೋವಿಗಿಂತ, ಹೊಡೆಯದೇ ಉಳಿದ ನೂರರ ಗತಿ ದೊಡ್ಡದಾಯಿತು. ಆ ನಿಷೇಧ ಸರಿ ಅಂತಲೇ ನಾನು ಹೇಳುತ್ತೇನೆ.

ನಾಯಿ ಬಿಟ್ಟು ಸೋವುವುದು ದಕ್ಷಿಣದ ರಾಜ್ಯಗಳ ಪದ್ಧತಿ. ವರ್ಜೀನಿಯಾ, ಅಲಬಾಮಾ ಕಡೆ ಅಜ್ಜ ಮುತ್ತಜ್ಜನ ಕಾಲದಿಂದ ಬಂದದ್ದು. ಟೆಕ್ಸಾಸ್ 1990ರಲ್ಲಿ ನಿಲ್ಲಿಸಿತು. ಓಡುತ್ತಿರುವ ಜಿಂಕೆಗೆ ಹೊಡೆದರೆ ಗುರಿ ನೆಟ್ಟಗಿರುವುದು ಕಷ್ಟ, ಜೊತೆಗೆ ನಾಯಿಗಳಿಗೆ ಬೇಲಿ ಗಡಿ ಗೊತ್ತಾಗುವುದಿಲ್ಲ. ಪಕ್ಕದ ಜಮೀನಿನವನ ಸಿಟ್ಟೇ ಅಲ್ಲಿ ಅರ್ಧ ಜಗಳ. ನಾಯಿಯ ಮೇಲಿನ ಅಭಿಮಾನ ಮಾತ್ರ ನಮಗೆ ಅರ್ಥವಾಗುವಂಥದ್ದು. ಮಂಡ್ಯ ಸೀಮೆಯ ಆತಕೂರಿನಲ್ಲಿ, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ಬೇಟೆನಾಯಿಗೆ ಹತ್ತನೇ ಶತಮಾನದಲ್ಲೇ ಕಲ್ಲು ನೆಟ್ಟವರು ನಾವು.

ಮತ್ತೆ ಪಾಂಡುವಿನ ಹತ್ತಿರ ಒಂದು ಗಳಿಗೆ. ಅಮೆರಿಕದ ಬಹುಪಾಲು ಜಿಂಕೆ ಬೇಟೆ ನಡೆಯುವುದು ಅವು ಕೂಡುವ ಕಾಲದಲ್ಲೇ. ನವೆಂಬರ್‌ನಲ್ಲಿ ಗಂಡಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಬೇಟೆಗಾರ ಎರಡು ಕೊಂಬು ಉಜ್ಜಿ ಸದ್ದು ಮಾಡುತ್ತಾನೆ, ಯಾರೋ ಗಂಡುಗಳು ಕಾದಾಡುತ್ತಿವೆ ಅಂತ ಇದು ಓಡಿ ಬರುತ್ತದೆ. ಹೆಣ್ಣಿನ ಮೂತ್ರದ ವಾಸನೆ ಬಾಟಲಿಯಲ್ಲಿ ಮಾರುತ್ತಾರೆ. ಕಿಂದಮ ಕೇಳಿದ್ದರೆ ಶಾಪಕ್ಕೆ ಸರದಿ ಹಚ್ಚಬೇಕಾಗುತ್ತಿತ್ತು. ಮಜಾ ಅಂದರೆ, ಜೋಳದ ರಾಶಿಗೆ ಮೂಗು ಮುರಿಯುವವರೂ ಕೊಂಬಿನ ಸದ್ದನ್ನು ಕಲೆ ಅನ್ನುತ್ತಾರೆ. ಹಸಿವಿನಿಂದ ಕರೆದರೆ ಮೋಸ, ಆಸೆಯಿಂದ ಕರೆದರೆ ಜಾಣ್ಮೆ! ಈ ವ್ಯತ್ಯಾಸ ನನಗೆ ಒಪ್ಪಿಗೆಯಿಲ್ಲ.

ಸಲಕರಣೆ ಅತಿಯಾದದ್ದೂ ಉಂಟು. 2005ರ ಹೊತ್ತಿಗೆ ಟೆಕ್ಸಾಸ್‌ನಲ್ಲಿ ಒಬ್ಬರು ಕೋವಿಯನ್ನು ಇಂಟರ್ನೆಟ್ಟಿಗೆ ಜೋಡಿಸಿದರು. ದುಡ್ಡು ಕಟ್ಟಿ ಮನೆಯಲ್ಲೇ ಕೂತು, ಮೌಸ್ ಒತ್ತಿ ಪ್ರಾಣಿ ಹೊಡೆಯಬಹುದಿತ್ತು. ಬೇಟೆಗಾರರು, ಪ್ರಾಣಿದಯೆಯವರು ಎಲ್ಲ ಒಟ್ಟಿಗೆ ಎದ್ದರು. ಟೆಕ್ಸಾಸೂ ನಿಲ್ಲಿಸಿತು, ಬೇರೆ ರಾಜ್ಯಗಳೂ ನಿಲ್ಲಿಸಿದವು. ಮರಕ್ಕೆ ಕಟ್ಟಿ ಬಿಡುವ ಕ್ಯಾಮೆರಾಗಳನ್ನು ಬೇಟೆಗೆ ಬಳಸಬಾರದು ಅಂತ ಅರಿಜೋನಾ 2022ರಿಂದ ಕಾನೂನು ಮಾಡಿದೆ. ಅಲ್ಲಿ ನೀರು ಕಡಿಮೆ. ಒಂದೇ ನೀರಿನ ಗುಂಡಿಯ ಸುತ್ತ ಕ್ಯಾಮೆರಾ ಮೇಲೆ ಕ್ಯಾಮೆರಾ ಬಿದ್ದರೆ ಪ್ರಾಣಿಗೆ ಅಡಗಲು ಜಾಗವೇ ಇಲ್ಲ.

ಸೀಸದ ಗುಂಡಿನ ಮಾತು ಬೇಗ ಮುಗಿಸುತ್ತೇನೆ, ಅಲ್ಲಿ ಎರಡು ಮಾತಿಗೆ ಜಾಗವೇ ಇಲ್ಲ. ಅದು ಒಳಗೆ ಚೂರು ಚೂರಾಗುತ್ತದೆ. ಬೇಟೆಗಾರ ಬಿಟ್ಟುಹೋದ ಕರುಳನ್ನು ಹದ್ದು ತಿಂದು ವಿಷವೇರಿ ಸಾಯುತ್ತದೆ. ಕ್ಯಾಲಿಫೋರ್ನಿಯಾ 2019ರಲ್ಲಿ ಬೇಟೆಗೆ ಸೀಸ ಪೂರ್ತಿ ನಿಲ್ಲಿಸಿತು. ತಾಮ್ರದ ಗುಂಡು ಸಿಗುತ್ತದೆ. ಉಳಿದವರೂ ಬದಲಾಯಿಸಿಕೊಳ್ಳಲಿ.

ನಿಜಕ್ಕೂ ತಲೆಕೆಡಿಸುವುದು ಡ್ರೋನ್. ಗಾಯಗೊಂಡ ಜಿಂಕೆ ರಾತ್ರಿ ಎಲ್ಲಿ ಬಿದ್ದಿದೆ ಅಂತ, ಮೈಬಿಸಿ ಕಾಣಿಸುವ ಕ್ಯಾಮೆರಾ ಹೊತ್ತ ಡ್ರೋನ್ ಕೆಲವೇ ನಿಮಿಷದಲ್ಲಿ ತೋರಿಸುತ್ತದೆ. ಮೇರಿಲ್ಯಾಂಡಿನ ಆ 18ರಲ್ಲಿ ಎಷ್ಟೋ ಸಿಗುತ್ತಿದ್ದವು. ಆದರೆ ಮಿಷಿಗನ್ ಸರ್ಕಾರ, ಸತ್ತ ಜಿಂಕೆ ಹುಡುಕುವುದೂ ಬೇಟೆಯ ಭಾಗವೇ, ಅದಕ್ಕೂ ಡ್ರೋನ್ ಕೂಡದು ಅನ್ನುತ್ತದೆ. ಒಹಾಯೊದ ಒಂದು ಕಂಪನಿ ಕೋರ್ಟಿಗೆ ಹೋಯಿತು, ಫೆಡರಲ್ ಕೋರ್ಟು ಕೇಸು ವಜಾ ಮಾಡಿತು. ಸರ್ಕಾರದ ಭಯ ಸುಳ್ಳಲ್ಲ. ಬಿದ್ದ ಜಿಂಕೆ ಹುಡುಕಲು ಹಾರಿಸಿದವನಿಗೆ ನಿಂತ ಜಿಂಕೆಗಳೂ ಕಾಣುತ್ತವೆ. ನನ್ನ ಕೇಳಿದರೆ, ಗಾಯಗೊಂಡದ್ದನ್ನು ಹುಡುಕಲು ಬಿಡಬೇಕು, ಹುಡುಕುವಾಗ ಕೋವಿ, ಬಿಲ್ಲು ಕಾರಿನಲ್ಲಿ ಬೀಗ ಹಾಕಿಟ್ಟು ಹೋಗಬೇಕು. ಅದೂ ಆಗದಿದ್ದರೆ ಬಹಳ ರಾಜ್ಯಗಳು ಒಪ್ಪಿರುವ ದಾರಿ ಒಂದಿದೆ: ಹಗ್ಗ ಕಟ್ಟಿದ, ರಕ್ತದ ಜಾಡು ಹಿಡಿಯಲು ಕಲಿತ ನಾಯಿ. ತಡವಾಗಬಹುದು. ಆದರೆ ಮುಂದಿನ ವಾರಕ್ಕೆ ಒಳ್ಳೆಯ ಕೊಂಬಿನ ಗಂಡು ಎಲ್ಲಿದೆ ಅಂತ ಆ ನಾಯಿ ಯಜಮಾನನಿಗೆ ವೀಡಿಯೊ ತೋರಿಸುವುದಿಲ್ಲ.

ನಮಸ್ಕಾರ.