ಪವರ್ ಕೇಬಲ್ ಬದಲಾಯಿಸಿದರೆ ಹಾಡು ಬದಲಾಗುತ್ತಾ?

ಹಾಂ, ಎರಡೂ ಕೇಬಲ್ ಕಾಣುತ್ತಿವೆ ಅಲ್ವಾ? ಎಡಗಡೆ ಇರುವುದು ಆಂಪ್ಲಿಫೈಯರ್ ಜೊತೆಗೇ ಬಂದದ್ದು. ಕಪ್ಪು, ತೆಳು, ಯಾರೂ ತಿರುಗಿ ನೋಡಲ್ಲ. ಬಲಗಡೆಯದು ಗೆಳೆಯನದು, ವಾರದ ಮಟ್ಟಿಗೆ ಇಸಿದುಕೊಂಡಿದ್ದೇನೆ. ಹೆಬ್ಬೆರಳಿಗಿಂತ ದಪ್ಪ, ಮೇಲೆ ಹೆಣಿಗೆ, ತುದಿಗೆ ಚಿನ್ನದ ಲೇಪ. ಆ ಪುಟ್ಟ ಡಬ್ಬಿಯಲ್ಲಿ ಇರುವುದು ಫ್ಯೂಸ್. ಹತ್ತಿರ ತರುತ್ತೇನೆ ನೋಡಿ, ಮೇಲೆ ಒಂದು ಬಾಣದ ಗುರುತು ಇದೆ. ಕರೆಂಟು ಈ ಕಡೆಯಿಂದ ಆ ಕಡೆ ಹೋಗಬೇಕಂತೆ. ಇಂಥ ಕೇಬಲ್, ಇಂಥ ಫ್ಯೂಸ್ ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆ ಅನ್ನುವವರಿದ್ದಾರೆ, ಅದು ನಿಜವಾ ಅಂತ ಇವತ್ತು ನೋಡೋಣ.

ಈ ಬಾಣ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಗೋಡೆಯಿಂದ ಬರುವುದು ಎಸಿ, ಅಂದರೆ ಹಿಂದೆ ಮುಂದೆ ಹರಿಯುವ ಕರೆಂಟು. 50 ಹರ್ಟ್ಸ್ ಅಂದರೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಹೋದ ಕಡೆಯಿಂದಲೇ ವಾಪಸ್ ಬರುವ ಕರೆಂಟಿಗೆ ಯಾವ ಬಾಣ? ಬಾಣದ ವಿಷಯದಲ್ಲಿ ನಾನು ಮಾತು ಬದಲಿಸುವುದಿಲ್ಲ. ಕೇಬಲ್ ಬಗ್ಗೆ ಮಾತ್ರ ಕಿವಿ ತೆರೆದಿಟ್ಟುಕೊಂಡೇ ಕೂತಿದ್ದೇನೆ.

ಈಗ ದಪ್ಪ ಕೇಬಲ್ ಸಿಕ್ಕಿಸುತ್ತಿದ್ದೇನೆ. ಇಲ್ಲೇ ತಕರಾರು ಶುರು. ಇದು ಬಗ್ಗುವುದೇ ಇಲ್ಲ. ಆಂಪ್ ಹಿಂದೆ ಗೋಡೆಗೆ ಒಂದು ಗೇಣು ಜಾಗ ಇದೆ, ಅಷ್ಟರಲ್ಲಿ ತಿರುಗಿಸಬೇಕು. ತಿರುಗಿಸಿ ಕೈ ಬಿಟ್ಟರೆ ಆಂಪ್ಲಿಫೈಯರೇ ಪಕ್ಕಕ್ಕೆ ಜರುಗುತ್ತದೆ. ಹಿಡಿದು ಸರಿ ಮಾಡಿದೆ. ಈಗ ಪ್ಲಗ್ ನೋಡಿ, ಭಾರಕ್ಕೆ ಕೆಳಗೆ ಜೋತುಬಿದ್ದಿದೆ. ಮೇಲ್ಗಡೆ ಸಂದು ಕಾಣುತ್ತಿದೆ. ಆನ್ ಮಾಡಿದೆ, ದೀಪ ಹತ್ತಿತು. ಕೇಬಲ್ಲಿಗೆ ಕಾಲು ತಾಗಿತು, ಆಂಪ್ ಆಫ್. ಮತ್ತೆ ಒತ್ತಿದೆ, ಆನ್. ಮತ್ತೆ ಸಡಿಲ. ತೆಳು ಕೇಬಲ್ ಇದೇ ತೂತಿನಲ್ಲಿ ಒಂದು ದಿನವೂ ಅಲುಗಾಡಿಲ್ಲ. ಪವರ್ ಕೇಬಲ್ ಮಾಡಬೇಕಾದ ಮೊದಲ ಕೆಲಸವೇ ಗಟ್ಟಿಯಾಗಿ ಕೂರುವುದು. ಸಡಿಲ ಸಂಪರ್ಕ ಬಿಸಿಯಾಗುತ್ತದೆ, ಕಿಡಿ ಹಾರುತ್ತದೆ, ಸ್ಪೀಕರಿನಲ್ಲಿ ಚಟಚಟ ಅನ್ನುತ್ತದೆ. ಕೊನೆಗೆ ಕೇಬಲ್ ಕೆಳಗೆ ಎರಡು ಹಳೇ ಡಿಕ್ಷನರಿ ಇಟ್ಟು ಎತ್ತರ ಮಾಡಿದೆ. ಇಷ್ಟು ದುಬಾರಿ ವಸ್ತುವಿಗೆ ಊರುಗೋಲು ಕೊಡಬೇಕಾಗಿ ಬಂದದ್ದು ನನಗೆ ನಿಜಕ್ಕೂ ಬೇಸರ.

ಸರಿ, ಹಾಡು ಹಾಕಿದೆ. ಮುಖ ನೋಡಿ, ಹುಬ್ಬು ಮೇಲೆ ಹೋಯಿತು. ಬಾಸ್ ಗಟ್ಟಿ ಆದ ಹಾಗೆ ಕೇಳಿಸಿತು. ತಂಬೂರಿಯ ತಂತಿ ಬಿಡಿಬಿಡಿಯಾಗಿ ಕೇಳಿಸಿತು. ಹೌದು, ವ್ಯತ್ಯಾಸ ಇದೆ ಅಂತ ಆಗ ಅನ್ನಿಸಿತು. ಆ ಅನಿಸಿಕೆ ಸುಳ್ಳಲ್ಲ. ಆದರೆ ಕಾರಣ ಕೇಬಲ್ಲೇನಾ?

ಕೇಬಲ್ ಬದಲಾಯಿಸಲು ಆಂಪ್ ಆಫ್ ಮಾಡಬೇಕು, ಎದ್ದು ಹೋಗಬೇಕು, ಬಂದು ಕೂರಬೇಕು. ಸೂಕ್ಷ್ಮ ವ್ಯತ್ಯಾಸ ಕಿವಿಯ ನೆನಪಿನಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟೇ ಅಲ್ಲ, ಕೂತ ಜಾಗ ಸ್ವಲ್ಪ ಸರಿದರೂ ಸೌಂಡ್ ಬದಲಾಗುತ್ತದೆ. 50 ಹರ್ಟ್ಸ್ ಬಾಸಿನ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದ, ಕೋಣೆಯ ಒಂದು ಕಡೆ ಅದು ಉಬ್ಬುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಅದಕ್ಕೇ ತಂಗಿಯನ್ನು ಕರೆದೆ. ನಾನು ಕಣ್ಣು ಮುಚ್ಚಿ ಒಂದೇ ಜಾಗದಲ್ಲಿ ಕೂರುವುದು, ಅವಳು ನಾಣ್ಯ ಚಿಮ್ಮಿ ಕೇಬಲ್ ಹಾಕುವುದು, ವಾಲ್ಯೂಮ್ ಯಾರೂ ಮುಟ್ಟುವ ಹಾಗಿಲ್ಲ. "ಅಕ್ಕಾ, ಈಗ ಯಾವುದು ಹೇಳು" ಅಂದರೆ ನನ್ನ ಉತ್ತರ ಆ ನಾಣ್ಯದಷ್ಟೇ ಸರಿ, ಅಷ್ಟೇ ತಪ್ಪು. ಅವಳಿಗೆ ಈ ಬೊಂಬೆಯಾಟ ಬೇಗ ಸಾಕಾಯಿತು, ಪರೀಕ್ಷೆಗೆ ಓದಬೇಕಿತ್ತು ಪಾಪ.

ಕಿವಿ ಬೇಡ, ರೆಕಾರ್ಡಿಂಗ್ ಏನು ಹೇಳುತ್ತದೆ ನೋಡೋಣ. ಸ್ಕ್ರೀನ್ ಮೇಲೆ ಎರಡು ಸಾಲು ಇವೆ. ಆಂಪಿನ ಔಟ್‌ಪುಟ್ ತಗ್ಗಿಸಿ, ಒಂದೇ ಹಾಡನ್ನು ಎರಡೂ ಕೇಬಲ್ಲಿನಲ್ಲಿ ರೆಕಾರ್ಡ್ ಮಾಡಿದ್ದು. ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಸಮ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಬೇರೆ ಇದ್ದದ್ದು ಮಾತ್ರ ಉಳಿಯುತ್ತದೆ. ಉಳಿದದ್ದು ತೆಳುವಾದ ಶ್ಶ್ ಸದ್ದು. ಒಂದೇ ಕೇಬಲ್ಲಿನ ಎರಡು ರೆಕಾರ್ಡಿಂಗ್ ಹೀಗೆ ಕೂಡಿಸಿದರೂ ಅಷ್ಟೇ ಶ್ಶ್. ಬಾಸೂ ಇಲ್ಲ, ತಂಬೂರಿಯೂ ಇಲ್ಲ.

ಇದರಲ್ಲಿ ಆಶ್ಚರ್ಯ ಏನಿಲ್ಲ. ಕರೆಂಟು ಸೀದಾ ಸ್ಪೀಕರಿಗೆ ಹೋಗುವುದಿಲ್ಲ. ಆಂಪಿನೊಳಗೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡುತ್ತದೆ, ದೊಡ್ಡ ಕೆಪಾಸಿಟರ್‌ಗಳು ತುಂಬಿಟ್ಟುಕೊಂಡು ಕೊಡುತ್ತವೆ. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ, ಒಂದೂವರೆ ಮೀಟರ್ ಉದ್ದ, ಹೋಗಿಬರುವ ದಾರಿ ಎರಡೂ ಸೇರಿಸಿದರೆ ಒಂದು ಆಂಪಿಯರಿಗೆ 0.03 ವೋಲ್ಟ್ ಚಿಲ್ಲರೆ ಕಳೆಯುತ್ತದೆ. ಗೋಡೆಯ ವೋಲ್ಟೇಜೇ ದಿನಪೂರ್ತಿ ಅದಕ್ಕಿಂತ ಎಷ್ಟೋ ಜಾಸ್ತಿ ಏರಿಳಿಯುತ್ತಿರುತ್ತದೆ. ಗೋಡೆಯೊಳಗೆ ಹತ್ತಾರು ಮೀಟರ್ ಮಾಮೂಲಿ ವೈರ್ ಇದೆ, ಕೊನೆಯ ಒಂದೂವರೆ ಮೀಟರ್ ಮಾತ್ರ ಏನು ಮಾಡೀತು?

ಹಾಗಂತ ಕೇಬಲ್ ಸೌಂಡಿಗೆ ಏನೂ ಮಾಡಲ್ಲ ಅಂತ ಹೇಳಿದರೆ ಅದೂ ತಪ್ಪಾಗುತ್ತದೆ. ಈ ಕ್ಲಿಪ್ ಕೇಳಿ, ಗುಂಯ್ ಅನ್ನುತ್ತಿದೆ. ಪವರ್ ಕೇಬಲ್ ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ಲಿನ ಸಿಗ್ನಲ್ ವೈರಿಗೆ ಅಂಟಿಕೊಂಡಿತ್ತು. ಒಂದು ಗೇಣು ದೂರ ಸರಿಸಿದೆ. ನಿಂತಿತು. ಕಾಸು ಖರ್ಚಿಲ್ಲ. ಗುಂಯ್ ನಿಲ್ಲಲಿ ಅಂತ ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ, ಜೀವ ಉಳಿಸುವ ಪಿನ್ ಅದು. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿದರೂ ಎಷ್ಟೋ ಸಲ ಗುಂಯ್ ಸದ್ದು ಹೋಗುತ್ತದೆ.

ಫ್ಯೂಸ್ ಹಾಕೋಣ ಬನ್ನಿ. ಪ್ಲಗ್ ಕಿತ್ತಿದ್ದೇನೆ, ನೋಡಿ. ಹಳೇದರ ಮೇಲೆ ಟಿ ಅಕ್ಷರ, ಅಂದರೆ ನಿಧಾನಕ್ಕೆ ಉರಿಯುವ ಬಗೆ. ಆನ್ ಮಾಡಿದ ಕೂಡಲೇ ಟ್ರಾನ್ಸ್‌ಫಾರ್ಮರ್ ಒಮ್ಮೆಗೇ ಜಾಸ್ತಿ ಕರೆಂಟು ಎಳೆಯುತ್ತದೆ, ಅದನ್ನು ತಡೆದುಕೊಳ್ಳಬೇಕು. ಗೆಳೆಯ ಕೊಟ್ಟ ಫ್ಯೂಸಿನ ಮೇಲೆ ಬಾಣ ಇದೆ, ಸುರಕ್ಷತಾ ಗುರುತು ಒಂದೂ ಇಲ್ಲ. ತಿರುಗಿಸಿ ತಿರುಗಿಸಿ ನೋಡಿದೆ, ಇಲ್ಲ. ಫ್ಯೂಸ್ ಇರುವುದು ಕೆಟ್ಟ ಗಳಿಗೆಯಲ್ಲಿ ತಾನು ಉರಿದು ಮನೆ ಉಳಿಸಲಿಕ್ಕೆ. ಇದನ್ನು ನಾನು ಹಾಕುವುದಿಲ್ಲ, ಗೆಳೆಯನಿಗೂ ಹಾಕಬೇಡ ಮಾರಾಯಾ ಅಂತ ಹೇಳಿದ್ದೇನೆ. ಹಳೇ ಫ್ಯೂಸಿನ ತುದಿ ಒರೆಸಿ ಅದನ್ನೇ ವಾಪಸ್ ಹಾಕಿದೆ.

ಅಯ್ಯೋ, ಬ್ಯಾಟರಿ ಕೆಂಪಾಯಿತು. ಬೇಗ ಇದೊಂದು ಕೇಳಿಬಿಡಿ, ಇಯರ್‌ಫೋನ್ ಹಾಕಿಕೊಳ್ಳಿ. ಅದೇ ಹಾಡು, ಅದೇ ತೆಳು ಕೇಬಲ್. ಮೊದಲು ಸ್ಪೀಕರ್ ಗೋಡೆಗೆ ಅಂಟಿಸಿಟ್ಟು ರೆಕಾರ್ಡ್ ಮಾಡಿದ್ದು, ಆಮೇಲೆ ಒಂದು ಮೊಳ ಮುಂದಕ್ಕೆ ಎಳೆದು ಮಾಡಿದ್ದು. ಹಾಕುತ್ತಿದ್ದೇನೆ.