ಚಿನ್ನ ಹೋಯ್ತು, ಹುಡುಗ ಇಲ್ಲೇ ಇದ್ದಾನೆ

ಇದೇ ನೋಡಿ ಬಾಗಿಲು. ಈಜಿಪ್ಟಿನ ಲಕ್ಸರ್‌ನ ರಾಜರ ಕಣಿವೆ, ಹಳೇ ಕಾಲದ ರಾಜ ಟುಟಂಖಾಮುನ್ ಸಮಾಧಿ. ಇಲ್ಲಿಗೆ ನಾವು ಬಂದಿದ್ದು ಎರಡನೇ ಸಲ, ಅದೂ ಒಂದೇ ಬೆಳಗ್ಗೆ.

ಗೇಟಲ್ಲಿ ಗೈಡ್ ಒಂದೇ ಟಿಕೆಟ್ ಕೊಡಿಸಿ, ಎಲ್ಲಾ ಇದರಲ್ಲೇ ಬರುತ್ತೆ ಅಂದ್ರು. ಬರಲ್ಲ. ಆ ಟಿಕೆಟ್ಟಿಗೆ ಮೂರು ಸಮಾಧಿ ಅಷ್ಟೇ, ಟುಟಂಖಾಮುನ್‌ಗೆ ಬೇರೆ ದುಡ್ಡು. ಬಾಗಿಲಿಂದಲೇ ವಾಪಸ್ ಕಳಿಸಿದ್ರು. ಒಂದು ಮರ ಇಲ್ಲ, ಸುತ್ತಲಿನ ಸುಣ್ಣಕಲ್ಲಿನ ಬೆಟ್ಟದಿಂದ ಕಾವು ಮುಖಕ್ಕೆ ಹೊಡೆಯುತ್ತೆ. ಅಮ್ಮನಿಗೆ ಮಂಡಿ ನೋವು ಬೇರೆ. ಅವರನ್ನ ಚಪ್ಪರದ ಕೆಳಗೆ ಕೂರಿಸಿ ನಾನೊಬ್ಬನೇ ಕೌಂಟರ್‌ಗೆ ಹೋಗಿಬಂದೆ. ದುಡ್ಡು ಹೋಗಲಿ, ಅಮ್ಮನ್ನ ಬಿಸಿಲಲ್ಲಿ ಸುಮ್ಮನೆ ನಡೆಸಿದ್ರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಬಂದ್ರೆ ಗೇಟಲ್ಲೇ ಕೇಳಿ ತಗೊಳ್ಳಿ.

ಒಳಗೆ ಇಳಿದ ತಕ್ಷಣ ನನಗನ್ನಿಸಿದ್ದು, ಇಷ್ಟೇನಾ? ಪುಟ್ಟ ಕೋಣೆ, ಬರೀ ಗೋಡೆ. 1922ರ ನವೆಂಬರ್‌ನಲ್ಲಿ ಇದನ್ನ ಪತ್ತೆ ಮಾಡಿದ ಪುರಾತತ್ವಜ್ಞ ಹೋವರ್ಡ್ ಕಾರ್ಟರ್ ಇಣುಕಿದಾಗ ಇಲ್ಲಿ ಬಿಚ್ಚಿಟ್ಟ ರಥ, ಮಂಚ, ಪೆಟ್ಟಿಗೆ ಎಲ್ಲಾ ಒಂದರ ಮೇಲೊಂದು ಪೇರಿಸಿತ್ತು. ಒಟ್ಟು 5,000ಕ್ಕೂ ಹೆಚ್ಚು ವಸ್ತು, ಸಾಗಿಸೋಕೇ ಹತ್ತು ವರ್ಷ. 110 ಕಿಲೋ ತೂಕದ ಚಿನ್ನದ ಶವಪೆಟ್ಟಿಗೆ, ಹತ್ತು ಕಿಲೋ ಮೀರಿದ ಮುಖವಾಡ, ಎಲ್ಲಾ ಕೈರೋ ಕಡೆ ಹೋಯ್ತು. ದುಡ್ಡು ದಂಡ, ಬರಬೇಡಿ ಅಂತಲೇ ಹೇಳೋಣ ಅಂದ್ಕೊಂಡಿದ್ದೆ.

ಆಮೇಲೆ ಅಮ್ಮ ಟುಟಂಖಾಮುನ್ ದೇಹ ಇಟ್ಟಿರೋ ಈ ಗಾಜಿನ ಪೆಟ್ಟಿಗೆ ಹತ್ರ ನಿಂತ್ರು. "ಎಳೇ ಹುಡುಗ ಕಣೋ ಇವನು," ಅಂದ್ರು. ಎಂಟೊಂಬತ್ತು ವರ್ಷಕ್ಕೆ ಪಟ್ಟ, ಹತ್ತೊಂಬತ್ತರ ಆಸುಪಾಸಲ್ಲಿ ಸಾವು. ಇವನ ಜೊತೆ ನೂರಕ್ಕೂ ಹೆಚ್ಚು ಊರುಗೋಲು ಸಿಕ್ಕಿತ್ತು ಅಂದೆ. ಅಮ್ಮ ತಮ್ಮ ಕೋಲನ್ನ ನೋಡ್ಕೊಂಡ್ರು. ಹುಟ್ಟೋ ಮೊದಲೇ ತೀರಿಕೊಂಡ ಇವನ ಎರಡು ಹೆಣ್ಣುಮಕ್ಕಳನ್ನೂ ಪುಟ್ಟ ಪೆಟ್ಟಿಗೆಗಳಲ್ಲಿ ಇಲ್ಲೇ ಇಟ್ಟಿದ್ರು. ಕಾರ್ಟರ್ ತಂಡದವರು ಅಂಟಿಕೊಂಡಿದ್ದ ಮುಖವಾಡ ಬಿಡಿಸೋಕೆ ಕಾಯಿಸಿದ ಚಾಕು ಹಾಕಿದ್ರು, ದೇಹವನ್ನ ತುಂಡು ಮಾಡಿದ್ರು. ಅದು ತಪ್ಪು. ಎಷ್ಟೇ ದೊಡ್ಡ ಸಂಶೋಧನೆ ಆಗಿರಲಿ, ತಪ್ಪು.

ಬರಬೇಡಿ ಅಂತ ಹೇಳೋಣ ಅಂದ್ಕೊಂಡಿದ್ದೆನಲ್ಲ. ವಾಪಸ್ ತಗೋತೀನಿ, ಬನ್ನಿ. ಈ ಗೋಡೆಯಲ್ಲಿ ಕಂದು ಚುಕ್ಕೆ ಕಾಣ್ತಿದೆಯಲ್ಲ, ಹಳೇ ಬೂಷ್ಟಿನ ಗುರುತು. ಬಣ್ಣ ಒಣಗೋ ಮೊದಲೇ ಅವಸರದಲ್ಲಿ ಮುಚ್ಚಿದ್ರು ಅಂತಾರೆ. ಈ ಚಿತ್ರದ ಹನ್ನೆರಡು ಕೋತಿ ರಾತ್ರಿಯ ಹನ್ನೆರಡು ಗಂಟೆ... ಕಾವಲಿನವರು ಸಾಕು ಅಂತಿದ್ದಾರೆ.

ಪಕ್ಕದ ಸಮಾಧಿ ಆರನೇ ರಾಮ್ಸೆಸ್ ರಾಜಂದು. ಅದನ್ನ ಕೊರೆದ ಕೆಲಸದವರ ಗುಡಿಸಲು ಈ ಬಾಗಿಲ ಮೇಲೇ ಇದ್ದಿದ್ದಕ್ಕೆ ಟುಟಂಖಾಮುನ್‌ದು ಕಳ್ಳರ ಕಣ್ಣಿಗೆ ಬೀಳದೆ ಇಷ್ಟು ಕಾಲ ಉಳೀತು. ಅದಕ್ಕೂ ಬೇರೆ ಟಿಕೆಟ್, ಆಗಲೇ ತಗೊಂಡಿದ್ದೀನಿ. ಅಮ್ಮಾ, ನಿಧಾನ, ಕೈ ಕೊಡಿ.