ಕಾಗದ ಮೊದಲು, ಅರ್ಜಿ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಹಚ್ಚಿಕೊಂಡು ಯಾರು ಕೂತಿರಬಹುದು ಅಂತ ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಧಾರವಾಡದ ಸಪ್ತಾಪುರದಲ್ಲಿ ಒಂದು ಖೋಲಿ ಹಿಡಿದು, ಒಲೆಯ ಮೇಲೆ ಅನ್ನಕ್ಕಿಟ್ಟು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡ ಹುಡುಗ ಇರಬಹುದು. ಹಾವೇರಿ ಕಡೆಯ ಊರಲ್ಲಿ ‘ನಮ್ಮ ಮಗಳು ಧಾರವಾಡದಾಗ ಎಫ್‌ಡಿಎ ಪರೀಕ್ಷಾಕ್ಕ ಓದಾಕತ್ತಾಳ’ ಅಂತ, ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕರ ಹುದ್ದೆಯ ಕನಸು ಹೇಳಿಕೊಳ್ಳುವ ತಾಯಿ ಇರಬಹುದು. ನಿಮಗೆಲ್ಲ ಇವತ್ತು ನಾನು ಹೇಳುವುದು ಒಂದೇ ಮಾತು. ಕಾಗದ ಮೊದಲು, ಅರ್ಜಿ ಆಮೇಲೆ.

ಕಂದಾಯ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಜಾತಿ, ಆದಾಯ, ವಾಸಸ್ಥಳ ಅಂತ ಸಾವಿರಾರು ಅರ್ಜಿ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಈಗ ಭಾನುವಾರ ಹುಡುಗರಿಗೆ ಅರ್ಜಿ ತುಂಬಲು ಸಹಾಯ ಮಾಡುತ್ತೇನೆ. ಆಗ ಮೇಜಿನ ಆ ಕಡೆ ಇದ್ದೆ, ಈಗ ಈ ಕಡೆ. ಎರಡೂ ಕಡೆಯಿಂದ ನೋಡಿದ ಮೇಲೆ ಹೇಳುತ್ತಿದ್ದೇನೆ.

ಆನ್‌ಲೈನ್ ಬಂದ ಮೇಲೆ ಅರ್ಜಿ ಸುಲಭವಾಯಿತು ಅನ್ನುತ್ತಾರೆ. ತುಂಬುವುದು ಸುಲಭ, ನಿಜ. ಅರ್ಧ ತಾಸಿನ ಕೆಲಸ. ಆದರೆ ಅಲ್ಲಿ ನೀವು ‘ಹೌದು’ ಅಂತ ಒತ್ತುವ ಒಂದೊಂದು ಕಡೆಗೂ ಒಂದೊಂದು ಕಾಗದ ಬೇಕು. ಮೀಸಲಾತಿ ಬೇಕೇ? ಹೌದು. ತಹಶೀಲ್ದಾರರ ಪ್ರಮಾಣಪತ್ರ. ಗ್ರಾಮೀಣ ಅಭ್ಯರ್ಥಿಯೇ? ಹೌದು. ಹೆಡ್‌ಮಾಸ್ತರ ಸಹಿ, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಕನ್ನಡ ಮಾಧ್ಯಮವೇ? ಹೌದು. ಮತ್ತೆ ಶಾಲೆಗೆ ಹೋಗಬೇಕು. ವೆಬ್‌ಸೈಟು ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ. ಬಿಇಒ ಕಚೇರಿ ತೆರೆದಿರುತ್ತದೆಯೇ? ಅಷ್ಟು ಯೋಚಿಸಿ.

ಒಂದು ಹುಡುಗಿಯ ಮಾತು ಹೇಳಲೇಬೇಕು. ಗಜೇಂದ್ರಗಡ ಕಡೆಯವಳು. ತಂದೆ ನೇಕಾರರು, ಮನೆಯಲ್ಲಿ ಒಂದು ಮಗ್ಗ. ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ 2ಎ ಪ್ರವರ್ಗ. ಡಿಗ್ರಿ ಮುಗಿಸಿ ಎರಡು ವರ್ಷ ಧಾರವಾಡದಲ್ಲಿ ಓದಿದಳು. ಬೆಳಿಗ್ಗೆ ಆರಕ್ಕೆ ಲೈಬ್ರರಿಗೆ ಹೋದರೆ ರಾತ್ರಿ ಹತ್ತಕ್ಕೆ ವಾಪಸ್. ಪರೀಕ್ಷೆ ಬರೆದಳು, ಒಳ್ಳೆಯ ಅಂಕ ಬಂತು. ದಾಖಲೆ ಪರಿಶೀಲನೆಗೆ ಕರೆದರು. ತಂದೆ ಮಗಳು ಇಬ್ಬರೂ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಮರುದಿನ ಸಂಜೆ ನನಗೆ ಫೋನು.

‘ಅಕ್ಕಾರ, ನನ್ನ ಕಡೆ ಕಾಗದ ಎಲ್ಲಾ ಅದಾವ್ರಿ. ತಾರೀಖು ದಾಟೇತಂತ್ರಿ.’

ನನಗೆ ಅರ್ಥವಾಗಲಿಲ್ಲ. ‘ಯಾವ ತಾರೀಖವ್ವಾ?’ ಅಂದೆ. ಅವಳು ಅಳುತ್ತಿದ್ದಳು. ತಂದೆ ಫೋನು ಇಸಿದುಕೊಂಡು ‘ಊರಿಗೆ ಬಂದು ತೋರಸ್ತೀವ್ರಿ ಬಾಯಾರ’ ಅಂದರು.

ಆ ಭಾನುವಾರ ಇಬ್ಬರೂ ಬಂದರು. ಕಾಗದಗಳನ್ನು ಮಗ್ಗದ ಮೇಲೆ ಉಳಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. ಒಂದು ಮೂಲೆ ಮಡಚಿರಲಿಲ್ಲ, ಒಂದು ಕಲೆ ಬಿದ್ದಿರಲಿಲ್ಲ. ಒಂದೊಂದಾಗಿ ಮೇಜಿನ ಮೇಲೆ ಹರವಿದೆ. ಹತ್ತನೆಯ ತರಗತಿ ಅಂಕಪಟ್ಟಿ ಸರಿ. ಡಿಗ್ರಿ ಸರಿ. ಗ್ರಾಮೀಣ ಪ್ರಮಾಣಪತ್ರ ಸರಿ. ಕೊನೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಎರಡು ಇದ್ದವು. ಒಂದು ಪಿಯುಸಿಗೆ ಸೇರುವಾಗ ಮಾಡಿಸಿದ್ದು. ಅದರ ಐದು ವರ್ಷದ ಅವಧಿ ಮುಗಿದುಹೋಗಿತ್ತು. ಇನ್ನೊಂದು ಹೊಸದು. ಅರ್ಜಿ ಹಾಕಲು ಕೊನೆಯ ದಿನ ಆ ತಿಂಗಳ 20. ಹೊಸ ಕಾಗದದ ಮೇಲೆ ಇದ್ದ ದಿನಾಂಕ 24.

ನಾಲ್ಕು ದಿನ. ಅಷ್ಟೇ.

ಅರ್ಜಿ ತುಂಬುವಾಗ ‘2ಎ’ ಅಂತ ಒತ್ತಿದಾಗ ಯಾರೂ ಕಾಗದ ಕೇಳಿರಲಿಲ್ಲ. ಹಳೆಯದು ಮನೆಯಲ್ಲಿದೆ ಅಂತ ಅವಳು ಧೈರ್ಯವಾಗಿದ್ದಳು. ಅವಧಿ ಮುಗಿದದ್ದು ಗೊತ್ತಾದ ಕೂಡಲೇ ಹೊಸದಕ್ಕೆ ಓಡಿದಳು. ಆದರೆ ಕೊನೆಯ ದಿನಾಂಕಕ್ಕೆ ಚಾಲ್ತಿಯಲ್ಲಿದ್ದ ಕಾಗದ ಬೇಕು ಅನ್ನುವುದು ನಿಯಮ. ಆ 20ನೇ ತಾರೀಖಿಗೆ ಅವಳ ಹತ್ತಿರ ಒಂದೂ ಇರಲಿಲ್ಲ. ಅವಳನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿದರು. ಅಲ್ಲಿನ ಕಟ್‌ಆಫ್‌ಗೆ ಅವಳ ಅಂಕ ಸಾಲಲಿಲ್ಲ.

ತಂದೆ ಒಂದು ಮಾತೂ ಆಡದೆ ಕಾಗದಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಅವರ ಬೆರಳುಗಳು ನಿಧಾನವಾಗಿ ಗಂಟು ಕಟ್ಟುವುದನ್ನು ನೋಡುತ್ತ ಕೂತೆ. ನನ್ನ 31 ವರ್ಷದ ನೌಕರಿಯಲ್ಲಿ ‘ಇವತ್ತಲ್ಲ, ನಾಳೆ ಬರ್ರಿ’ ಅಂತ ನಾನು ಎಷ್ಟು ಜನರಿಗೆ ಹೇಳಿದ್ದೇನೆ ಅಂತ ಆವತ್ತು ಲೆಕ್ಕ ಹಾಕಿದೆ. ಕಚೇರಿಯಲ್ಲಿ ಕೂತಿರುವ ನನ್ನ ತಮ್ಮ ತಂಗಿಯರು ಇದನ್ನು ಕೇಳುತ್ತಿದ್ದರೆ ನಿಮಗೂ ಕೈಮುಗಿದು ಹೇಳುತ್ತೇನೆ. ನೌಕರಿ ಅರ್ಜಿಗೆ ಅಂತ ಬಂದ ಕಾಗದವನ್ನು ಕೆಳಗೆ ಹಾಕಬೇಡಿ.

ಅದಕ್ಕೇ ಅನ್ನುತ್ತೇನೆ, ಕಾಗದ ಮೊದಲು. ಅಧಿಸೂಚನೆ ಬಂದ ಮೇಲೆ ಓಡಾಡುವುದಲ್ಲ. ಅಧಿಸೂಚನೆ ಬರುವ ಮೊದಲೇ ಕಾಗದ ನಿಮ್ಮ ಕೈಯಲ್ಲಿರಬೇಕು.

ಯಾವ ಕಾಗದ? ಕರ್ನಾಟಕ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ ಅಧಿಸೂಚನೆ ಪೂರ್ತಿ ಓದಿ. ಕೊನೆಯ ಪುಟಗಳಲ್ಲಿ ನಮೂನೆಗಳಿರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ-ಡಿ. ಪ್ರವರ್ಗ-1ಕ್ಕೆ ನಮೂನೆ-ಇ. 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಈ ಕೊನೆಯದಕ್ಕೇ ಐದು ವರ್ಷದ ಅವಧಿ. ಮೇಲ್ಗಡೆ ಪ್ರಮಾಣಪತ್ರದ ಗುರುತಿನ ಸಂಖ್ಯೆ, ಅಂದರೆ ಆರ್‌ಡಿ ನಂಬರ್ ಇರುತ್ತದೆ, ಕೆಳಗೆ ದಿನಾಂಕ. ಎಲ್ಲರೂ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳುತ್ತಾರೆ, ದಿನಾಂಕ ಯಾರೂ ನೋಡುವುದಿಲ್ಲ. ದಿನಾಂಕ ನೋಡಿ!

ರೈಲ್ವೆಗೆ ಹಾಕುವವರು ಇನ್ನೂ ಜಾಸ್ತಿ ಎಚ್ಚರದಿಂದಿರಿ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ, ಅದಕ್ಕೆ ಎಷ್ಟೋ ಮಕ್ಕಳಿಗೆ ಅದರ ಮೇಲೆ ಆಸೆ. ಆದರೆ ಅದು ಕೇಂದ್ರ ಸರ್ಕಾರದ ನೌಕರಿ. ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ರಾಜ್ಯದ್ದು ನಡೆಯುವುದಿಲ್ಲ.

ಗ್ರಾಮೀಣ ಅನ್ನುವುದರಲ್ಲೂ ತಪ್ಪು ತಿಳಿಯುತ್ತಾರೆ. ಊರು ಹಳ್ಳಿ ಆದರೆ ಸಾಲದು. ಒಂದನೆಯ ತರಗತಿಯಿಂದ ಹತ್ತನೆಯವರೆಗೆ, ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಹೈಸ್ಕೂಲಿಗೆ ಗದಗ ಪಟ್ಟಣಕ್ಕೆ ಬಂದಿದ್ದರೆ ಆ ‘ಹೌದು’ ಒತ್ತಬೇಡಿ. ಗದಗಿನವರಿಗೆ ಇನ್ನೊಂದು. ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲಾತಿ ಕೊಡುವ 371ಜೆ ಜಿಲ್ಲೆಗಳ ಪಟ್ಟಿಯಲ್ಲಿ ಪಕ್ಕದ ಕೊಪ್ಪಳ ಇದೆ, ಗದಗ ಇಲ್ಲ. ಕೊಪ್ಪಳದ ಗೆಳೆಯನ ಅರ್ಜಿ ನೋಡಿಕೊಂಡು ನಿಮ್ಮದನ್ನು ತುಂಬಬೇಡಿ.

ಹೆಸರಿನ ಬಗ್ಗೆ ಹೇಳುವುದು ಬಹಳ ಇತ್ತು. ಸಮಯ ಮುಗಿಯುತ್ತ ಬಂತು ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ಬಸಪ್ಪ, ಆಧಾರಿನಲ್ಲಿ ಬಸವರಾಜ. ಒಂದರಲ್ಲಿ ಅಡ್ಡಹೆಸರು ಇದೆ, ಇನ್ನೊಂದರಲ್ಲಿ ಇಲ್ಲ. ನಮ್ಮ ಕಡೆ ಇದು ಮನೆಮನೆಯ ಮಾತು, ಅಲ್ವಾ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಈಗಲೇ ತಿದ್ದಿಸಿ.

ಆ ಹುಡುಗಿ ಮತ್ತೆ ಓದುತ್ತಿದ್ದಾಳೆ. ಅವಳ ಫೈಲಿನ ಮೇಲೆ ಈಗ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಒಂದು ತಾರೀಖು ಬರೆದಿದೆ. ಪ್ರಮಾಣಪತ್ರದ ಅವಧಿ ಮುಗಿಯುವ ದಿನ.

ಇದನ್ನು ಕೇಳುತ್ತಿರುವ ತಂದೆ ತಾಯಂದಿರೇ, ಮಕ್ಕಳು ಧಾರವಾಡದಲ್ಲಿದ್ದರೂ ಅವರ ಕಾಗದ ನಿಮ್ಮ ಮನೆಯ ಟ್ರಂಕಿನಲ್ಲಿದೆ. ಇವತ್ತು ರಾತ್ರಿ ಊಟವಾದ ಮೇಲೆ ಅದನ್ನು ಹೊರಗೆ ತೆಗೆಯಿರಿ. ಓದಲು ಬಾರದಿದ್ದರೆ ಪಕ್ಕದ ಮನೆಯ ಹುಡುಗನನ್ನು ಕರೆಯಿರಿ. ಕೆಳಗಿನ ದಿನಾಂಕ ಓದಿಸಿ, ಮಕ್ಕಳಿಗೆ ಫೋನು ಹಚ್ಚಿ ಹೇಳಿ.

ನಮಸ್ಕಾರ.